ರತ್ನಗಂಬಳಿಯ ಬೆನ್ನು ಓದುವ ವಿದ್ಯೆ

2009ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ನಗರದ ಒಂದು ಹರಾಜು ಮಳಿಗೆಗೆ ಹಳೆಯದೊಂದು ರತ್ನಗಂಬಳಿ ಬಂದಿತು. ಉದ್ದ ಸುಮಾರು ಹನ್ನೊಂದು ಅಡಿ, ಅಗಲ ಐದು ಅಡಿ. ನೀಲಿಯ ನೆಲದ ಮೇಲೆ ಎಲೆಗಳ ಹೆಣಿಗೆ. ಮಳಿಗೆಯವರು ಅದಕ್ಕೆ ಕಟ್ಟಿದ ಬೆಲೆ 900 ಯೂರೋ. ಕೂಗು ಏರಿ ಏರಿ ಇಪ್ಪತ್ತು ಸಾವಿರದ ಹತ್ತಿರ ನಿಂತಾಗ, ಒಡತಿಯ ಭಾಗ್ಯದ ಬಾಗಿಲು ತೆರೆಯಿತೆಂದೇ ನೋಡಿದವರು ಭಾವಿಸಿರಬೇಕು. ಅರ್ಧ ವರ್ಷ ಕಳೆಯಿತು. 2010ರ ಏಪ್ರಿಲಿನಲ್ಲಿ ಅದೇ ರತ್ನಗಂಬಳಿ ಲಂಡನ್ನಿನಲ್ಲಿ ಮತ್ತೆ ಹರಾಜಿಗೆ ಬಂದಿತು. ಈ ಸಲ ಅದು ಹೋದದ್ದು 62 ಲಕ್ಷ ಪೌಂಡುಗಳಿಗೆ! ಮೊದಲಿನ ಒಡತಿ ನ್ಯಾಯಾಲಯದ ಮೆಟ್ಟಿಲೇರಿದಳು. ಬಗೆಬಗೆಯ ಸಾಮಾನುಗಳನ್ನೆಲ್ಲ ಮಾರುವ ಸಾಧಾರಣ ಹರಾಜುಗಾರನಿಂದ ತಜ್ಞನ ವಿದ್ಯೆಯನ್ನು ನಿರೀಕ್ಷಿಸುವಂತಿಲ್ಲವೆಂದು 2012ರಲ್ಲಿ ತೀರ್ಪಾಯಿತು.

ಆ ಅರ್ಧ ವರ್ಷದಲ್ಲಿ ರತ್ನಗಂಬಳಿಯ ಒಂದು ಎಳೆಯೂ ಬದಲಾಗಿರಲಿಲ್ಲ. ಬದಲಾದದ್ದು ಅದನ್ನು ನೋಡಿದ ಕಣ್ಣು. ಮೊದಲನೆಯ ಮಳಿಗೆಯಲ್ಲಿ ಅದು ಹಳೆಯ ಮನೆಯೊಂದರ ಹಾಸುಬಟ್ಟೆ; ಎರಡನೆಯದರಲ್ಲಿ ಹದಿನೇಳನೆಯ ಶತಮಾನದ ಪರ್ಷಿಯಾದೇಶದ ಕೆರ್ಮಾನಿನಲ್ಲಿ ನೆಯ್ದ, ಅತಿ ವಿರಳವಾದ ಕುಲವೊಂದರ ಕುಡಿ. ಚಿನ್ನವನ್ನು ಪರೀಕ್ಷಿಸಲು ಅಕ್ಕಸಾಲಿಗನ ಬಳಿ ಒರೆಗಲ್ಲು ಉಂಟು. ರತ್ನಗಂಬಳಿಗೆ ಅಂತಹ ಒರೆಗಲ್ಲು ಎಲ್ಲಿದೆ? ಮುಖ್ಯವಾಗಿ ಸಚಿತ್ರ ಗ್ರಂಥಗಳಲ್ಲಿದೆ ಎಂದರೆ ಅನೇಕರಿಗೆ ಅಚ್ಚರಿಯಾದೀತು. ಪೌರ್ವಾತ್ಯ ರತ್ನಗಂಬಳಿಯನ್ನು ಕುರಿತು ಪ್ರಪಂಚ ಇಂದು ತಿಳಿದಿರುವುದರಲ್ಲಿ ಬಹುಭಾಗ ಚಿತ್ರಗಳಿಂದ ಹುಟ್ಟಿ, ಚಿತ್ರಗಳಿಂದಲೇ ಬೆಳೆದು ಬಂದದ್ದು. ಆದರೆ ಚಿತ್ರವೊಂದನ್ನೇ ನಂಬಿದವನು ಮೋಸಹೋಗುವುದೂ ಇದೇ ಕ್ಷೇತ್ರದಲ್ಲಿ.

ಹಾಸು, ಹೊಕ್ಕು, ಗಂಟು

ನಮ್ಮ ಮನೆಗಳಲ್ಲಿ ಮದುವೆ ಮುಂಜಿಗಳಿಗೆ ಹಾಸುವ ಜಮಖಾನವೇ ಬೇರೆ, ರತ್ನಗಂಬಳಿಯೇ ಬೇರೆ. ಧಾರವಾಡ ಜಿಲ್ಲೆಯ ನವಲಗುಂದದ ಹೆಂಗಸರು ನವಿಲು, ಪಗಡೆಯ ಹಾಸುಗಳನ್ನು ಮೂಡಿಸಿ ನೆಯ್ಯುವ ಹೆಸರಾಂತ ಜಮಖಾನದಲ್ಲಿ ಹಾಸು ಮತ್ತು ಹೊಕ್ಕು ಎರಡೇ ಉಂಟು. ಬಣ್ಣದ ಹೊಕ್ಕೇ ಚಿತ್ರವನ್ನು ಮೂಡಿಸುತ್ತದೆ. ರತ್ನಗಂಬಳಿಯಲ್ಲಿ ಇವೆರಡರ ಜೊತೆಗೆ ಮೂರನೆಯದೊಂದು ಸೇರುತ್ತದೆ, ಅದು ಗಂಟು. ಮಗ್ಗದ ಮೇಲೆ ಬಿಗಿದ ಹಾಸಿನ ಎರಡೆರಡು ಎಳೆಗಳಿಗೆ ಬಣ್ಣದ ಉಣ್ಣೆಯ ತುಂಡನ್ನು ಬೆರಳಿನಿಂದ ಸುತ್ತಿ, ಅದರ ತುದಿಗಳನ್ನು ಮುಂದಕ್ಕೆಳೆದು ಕತ್ತರಿಸುತ್ತಾರೆ. ಒಂದು ಸಾಲು ಗಂಟುಗಳಾದ ಮೇಲೆ ಹೊಕ್ಕನ್ನು ಹಾಯಿಸಿ, ಹಣಿಗೆಯಿಂದ ಬಡಿದು ಕೂರಿಸುತ್ತಾರೆ. ಮತ್ತೆ ಒಂದು ಸಾಲು ಗಂಟು, ಮತ್ತೆ ಹೊಕ್ಕು. ಹೀಗೆ ಕತ್ತರಿಸಿದ ತುದಿಗಳೆಲ್ಲ ಒತ್ತೊತ್ತಾಗಿ ಎದ್ದು ನಿಂತಾಗ ಮಖಮಲ್ಲಿನಂತಹ ಮೇಲ್ಮೈ ದೊರೆಯುತ್ತದೆ.

ಗಂಟಿನಲ್ಲಿ ಮುಖ್ಯವಾಗಿ ಎರಡು ಬಗೆ. ಎರಡು ಹಾಸೆಳೆಗಳನ್ನೂ ಪೂರ್ತಿ ಬಳಸಿ, ಅವುಗಳ ನಡುವಿನಿಂದ ಎರಡು ತುದಿಗಳೂ ಒಟ್ಟಿಗೆ ಹೊರಬರುವುದು ಸಮಗಂಟು; ತುರ್ಕಿ ಗಂಟೆಂದು ಇದರ ರೂಢಿಯ ಹೆಸರು. ಒಂದು ಹಾಸೆಳೆಯನ್ನು ಮಾತ್ರ ಸುತ್ತಿ, ಇನ್ನೊಂದರ ಹಿಂದಿನಿಂದ ಸುಮ್ಮನೆ ಹಾಯ್ದು ಬರುವುದು ವಿಷಮಗಂಟು. ಇದನ್ನು ಪರ್ಷಿಯಾದ ಗಂಟೆನ್ನುತ್ತಾರೆ. ಮುಂಭಾಗದಿಂದ ನೋಡಿದರೆ ಈ ಭೇದ ಕಾಣುವುದಿಲ್ಲ. ಹಿಂಭಾಗವನ್ನು ನೋಡಿ, ಉಣ್ಣೆಯನ್ನು ಬಿಡಿಸಿ ಬುಡವನ್ನು ಪರೀಕ್ಷಿಸಿದಾಗಲೇ ಗೊತ್ತಾಗುವುದು. ರೇಷ್ಮೆಯ ಸೀರೆ ಕೊಳ್ಳುವಾಗ ಅನುಭವಸ್ಥರಾದ ಗೃಹಿಣಿಯರು ಸೆರಗನ್ನು ಮಗುಚಿ ನೋಡುತ್ತಾರಷ್ಟೆ. ರತ್ನಗಂಬಳಿಯ ಪರೀಕ್ಷಕನೂ ಮೊದಲು ಮಾಡುವುದು ಅದನ್ನೇ.

ಈ ವಿದ್ಯೆ ಎಷ್ಟು ಪುರಾತನವೆಂಬುದು ಬೆಳಕಿಗೆ ಬಂದದ್ದು 1949ರಲ್ಲಿ. ಸೈಬೀರಿಯದ ಆಲ್ಟಾಯ್ ಪರ್ವತಗಳ ಪಾಝಿರಿಕ್ ಎಂಬಲ್ಲಿ ರಷ್ಯದ ಪುರಾತತ್ತ್ವಜ್ಞ ರುಡೆಂಕೊ ಅವರು ಒಂದು ಗೋರಿಯನ್ನು ಅಗೆಸಿದರು. ಒಳಗೆ ನುಗ್ಗಿದ್ದ ನೀರು ಹೆಪ್ಪುಗಟ್ಟಿ ಶತಮಾನಗಳ ಕಾಲ ಮಂಜಾಗಿಯೇ ಉಳಿದಿತ್ತು. ಆ ಮಂಜಿನ ಗರ್ಭದಲ್ಲಿ ಸುಮಾರು ಆರೂವರೆ ಅಡಿ ಉದ್ದದ, ಕುದುರೆ ಸವಾರರ ಮತ್ತು ಜಿಂಕೆಗಳ ಸಾಲುಗಳುಳ್ಳ ರತ್ನಗಂಬಳಿಯೊಂದು ದೊರೆಯಿತು. ಅದರ ವಯಸ್ಸು ಸುಮಾರು ಎರಡು ಸಾವಿರದ ನಾನೂರು ವರ್ಷ. ಅದರಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 36 ಸಮಗಂಟುಗಳಿವೆ. ಅಂದರೆ ಅದು ಎಳಸು ಕೈಯ ಮೊದಲ ಪ್ರಯತ್ನವಲ್ಲ; ಅದರ ಹಿಂದೆ ಎಷ್ಟೋ ತಲೆಮಾರುಗಳ ಅಭ್ಯಾಸವಿದ್ದಿರಬೇಕು. ಆದರೆ ಆ ತಲೆಮಾರುಗಳ ಕೆಲಸವೆಲ್ಲ ಮಣ್ಣುಪಾಲಾಗಿದೆ. ಉಣ್ಣೆ ಕಲ್ಲಲ್ಲ, ನುಸಿ, ತೇವ, ಬಿಸಿಲು, ಕಾಲಿನ ತುಳಿತ ಇವೆಲ್ಲವೂ ಅದಕ್ಕೆ ಶತ್ರುಗಳೇ.

ಚಿತ್ರದಿಂದ ಹುಟ್ಟಿದ ಶಾಸ್ತ್ರ

ಹೀಗೆ ಅಳಿದುಹೋಗುವ ವಸ್ತುವಿನ ಇತಿಹಾಸವನ್ನು ಬರೆಯುವುದು ಹೇಗೆ? ರತ್ನಗಂಬಳಿಯ ಮೇಲೆ ತಾರೀಖು, ಹೆಸರು ಇರುವುದು ಅಪರೂಪ. ಈ ಕಷ್ಟಕ್ಕೆ ಪರಿಹಾರ ದೊರೆತದ್ದು ಅನಿರೀಕ್ಷಿತವಾದ ಒಂದು ಕಡೆಯಿಂದ. ಯೂರೋಪಿನ ಹಳೆಯ ವರ್ಣಚಿತ್ರಗಳಿಂದ.

ತುರ್ಕಿದೇಶದ ರತ್ನಗಂಬಳಿಗಳು ಹದಿನೈದು, ಹದಿನಾರನೆಯ ಶತಮಾನಗಳಲ್ಲಿ ಹಡಗುಗಳೇರಿ ಇಟಲಿಗೂ ಉತ್ತರದ ದೇಶಗಳಿಗೂ ಹೋಗುತ್ತಿದ್ದವು. ಅಲ್ಲಿ ಅವುಗಳನ್ನು ನೆಲಕ್ಕಿಂತ ಹೆಚ್ಚಾಗಿ ಮೇಜುಗಳ ಮೇಲೆ ಹಾಸುತ್ತಿದ್ದರು, ಕಿಟಕಿಗಳಿಂದ ಇಳಿಬಿಡುತ್ತಿದ್ದರು, ಮೇರಿಮಾತೆಯ ಪಾದಗಳ ಕೆಳಗೆ ಇರುವಂತೆ ಚಿತ್ರಿಸುತ್ತಿದ್ದರು. ಹೋಲ್ಬೈನ್ 1533ರಲ್ಲಿ ಬರೆದ 'ರಾಯಭಾರಿಗಳು' ಎಂಬ ಪ್ರಸಿದ್ಧ ಚಿತ್ರದಲ್ಲಿ ಇಬ್ಬರು ಗಣ್ಯರ ನಡುವೆ ಉಪಕರಣಗಳನ್ನಿರಿಸಿದ ಪೀಠದ ಮೇಲೆ ತುರ್ಕಿಯ ರತ್ನಗಂಬಳಿ ಹಾಸಿದೆ. ವೆನಿಸ್ಸಿನ ಲೊಟ್ಟೊ 1542ರಲ್ಲಿ ಬರೆದ ಸಂತ ಆಂಟೊನಿನಸನ ದಾನದ ಚಿತ್ರದಲ್ಲಿಯೂ ಎದ್ದುಕಾಣುವ ರತ್ನಗಂಬಳಿಗಳಿವೆ. ಚಿತ್ರಕಾರರು ಒಂದೊಂದು ಬಳ್ಳಿಯನ್ನೂ ಒಂದೊಂದು ಕೋಣವನ್ನೂ ಶ್ರದ್ಧೆಯಿಂದ ಬರೆದಿದ್ದರು. ಚಿತ್ರ ಬರೆದ ವರ್ಷ ಗೊತ್ತಿರುವುದರಿಂದ, ಆ ಬಗೆಯ ರತ್ನಗಂಬಳಿ ಆ ವರ್ಷಕ್ಕೆ ಮುಂಚೆಯೇ ಇದ್ದಿತೆಂಬುದು ತಾನಾಗಿ ಸಿದ್ಧವಾಯಿತು. ತುರ್ಕಿಯ ಹಳ್ಳಿ ಪಟ್ಟಣಗಳಲ್ಲಿ ನೆಯ್ದವರ ಹೆಸರು ಉಳಿಯಲಿಲ್ಲ. ಅವರ ಕೃತಿಗಳಿಗೆ ಇಂದಿಗೂ 'ಹೋಲ್ಬೈನ್ ರತ್ನಗಂಬಳಿ', 'ಲೊಟ್ಟೊ ರತ್ನಗಂಬಳಿ' ಎಂದೇ ಹೆಸರು. ನೆಯ್ದವರ ಹೆಸರಿರಬೇಕಾದ ಕಡೆ ಚಿತ್ರ ಬರೆದವರ ಹೆಸರು ಕುಳಿತಿತು.

ಬರ್ಲಿನ್ನಿನ ವಿದ್ವಾಂಸರಾದ ಯೂಲಿಯಸ್ ಲೆಸ್ಸಿಂಗ್ ಅವರು 1877ರಲ್ಲಿ ಪ್ರಕಟಿಸಿದ ಗ್ರಂಥ ಈ ಶಾಸ್ತ್ರದ ಮೊದಲ ಮೆಟ್ಟಿಲು. ಹದಿನೈದು, ಹದಿನಾರನೆಯ ಶತಮಾನಗಳ ಚಿತ್ರಗಳಲ್ಲಿ ಕಂಡ ರತ್ನಗಂಬಳಿಗಳ ವಿನ್ಯಾಸಗಳನ್ನು ಅವರು ಬಣ್ಣದಲ್ಲಿ ಮರುಬರೆಯಿಸಿ ಅಚ್ಚುಹಾಕಿಸಿದರು. ಅಂದು ನಿಜವಾದ ಹಳೆಯ ರತ್ನಗಂಬಳಿಗಳು ಅಷ್ಟು ವಿರಳವಾಗಿದ್ದುದರಿಂದ ಚಿತ್ರದೊಳಗಿನ ಚಿತ್ರವೇ ಆಧಾರವಾಗಬೇಕಾಯಿತು. ಆದರೆ ಗ್ರಂಥವೊಂದು ಕೈಗೆ ಬಂದ ಮೇಲೆ ಜನರ ಕಣ್ಣು ತೆರೆಯಿತು. ಅಟ್ಟದ ಮೇಲೆ, ಇಗರ್ಜಿಗಳ ಮೂಲೆಯಲ್ಲಿ ಮುದುಡಿ ಬಿದ್ದಿದ್ದವು ಒಂದೊಂದಾಗಿ ಹೊರಬರತೊಡಗಿದವು. ಲೆಸ್ಸಿಂಗರ ಸಮಕಾಲೀನರಾದ ವಿಲ್ಹೆಲ್ಮ್ ಫಾನ್ ಬೋಡೆ ಅವರು 1886ರಲ್ಲಿ ರೋಮಿನಲ್ಲಿ ಒಂದು ಸಣ್ಣ ರತ್ನಗಂಬಳಿಯನ್ನು ಕೊಂಡರು. ಅದರಲ್ಲಿ ಹಳದಿಯ ನೆಲದ ಮೇಲೆ ಘಟಸರ್ಪವೂ ಹಕ್ಕಿಯೂ ಕಾದಾಡುತ್ತಿವೆ. ಇಟಲಿಯ ಸಿಯೆನಾ ನಗರದ ಹಳೆಯ ಆಸ್ಪತ್ರೆಯ ಗೋಡೆಯ ಮೇಲೆ 1440ರ ದಶಕದ ಆರಂಭದಲ್ಲಿ ಡೊಮೆನಿಕೊ ಡಿ ಬಾರ್ತೊಲೊ ಬರೆದ ಭಿತ್ತಿಚಿತ್ರದಲ್ಲಿ ಇಂತಹುದೇ ರತ್ನಗಂಬಳಿ ಕಾಣುತ್ತದೆ. ಗೋಡೆಯ ಚಿತ್ರ ವಸ್ತುವಿನ ವಯಸ್ಸನ್ನು ಹೇಳಿತು. ವಸ್ತು ಚಿತ್ರದ ನಿಷ್ಠೆಯನ್ನು ತೋರಿಸಿಕೊಟ್ಟಿತು. 1925ರಲ್ಲಿ ಸ್ವೀಡನ್ನಿನ ಮಾರ್ಬಿ ಎಂಬ ಊರಿನ ಇಗರ್ಜಿಯಲ್ಲಿ ಇದೇ ಬಳಗದ ಮತ್ತೊಂದು ರತ್ನಗಂಬಳಿ ಕಾಣಿಸಿಕೊಂಡಿತು.

ಚದುರಿದ ಬಂಧುಗಳ ಮಿಲನ

1891ರಲ್ಲಿ ವಿಯೆನ್ನಾ ನಗರದಲ್ಲಿ ನಡೆದ ಮಹಾಪ್ರದರ್ಶನದ ಫಲವಾಗಿ ಮುಂದಿನ ಕೆಲವು ವರ್ಷಗಳಲ್ಲಿ ಬೃಹದಾಕಾರದ ವರ್ಣಸಂಪುಟಗಳು ಹೊರಬಂದವು. 1908ರಲ್ಲಿ ಸ್ವೀಡನ್ನಿನ ಮಾರ್ಟಿನ್ ಅವರ ಇತಿಹಾಸಗ್ರಂಥ ಪ್ರಕಟವಾಯಿತು. ಕೊನ್ಯಾ ನಗರದ ಅಲಾವುದ್ದೀನ್ ಮಸೀದಿಯಲ್ಲಿ 1905ರ ಸುಮಾರಿಗೆ ಬೆಳಕಿಗೆ ಬಂದ ಹದಿಮೂರನೆಯ ಶತಮಾನದ ರತ್ನಗಂಬಳಿಗಳ ಪರಿಚಯ ಅದರಲ್ಲಿತ್ತು. ಇವೆಲ್ಲ ಅರಮನೆ, ಗ್ರಂಥಾಲಯಗಳಿಗೆ ತಕ್ಕ ಪುಸ್ತಕಗಳು. ಎತ್ತಲು ಎರಡು ಕೈ ಬೇಕು, ಕೊಳ್ಳಲು ದೊಡ್ಡ ಥೈಲಿ ಬೇಕು. ಸಾಮಾನ್ಯ ಗೃಹಸ್ಥನ ಕೈಗೆಟುಕುವ ಪುಸ್ತಕಗಳು ಬೇರೆ ದಾರಿಯಿಂದ ಬಂದವು. 1900ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಕಟವಾದ ಮಮ್‌ಫರ್ಡರ ಗ್ರಂಥ ಬಣ್ಣದ ಪುಟಗಳೊಡನೆ ಮತ್ತೆ ಮತ್ತೆ ಅಚ್ಚಾಗಿ ಅಮೆರಿಕದ ಮನೆಮನೆಗಳಲ್ಲಿ ಸಂಗ್ರಹದ ಆಸೆಯನ್ನು ಬಿತ್ತಿತು. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯ 1920ರಲ್ಲಿ, ಗಂಟು ಹಾಕುವ ಕ್ರಮವನ್ನು ವಿವರಿಸುವ ಟ್ಯಾಟರ್ಸಾಲರ ಕಿರುಹೊತ್ತಗೆಯನ್ನು ಹೊರತಂದಿತು. ನೋಡುಗನು ನೇಕಾರನ ಬೆರಳಿನ ಚಲನೆಯನ್ನು ತಿಳಿಯದೆ ರತ್ನಗಂಬಳಿಯನ್ನು ಅರಿಯಲಾರನೆಂಬ ತತ್ತ್ವ ಅಲ್ಲಿಂದ ಬಲವಾಯಿತು. ವಾಷಿಂಗ್ಟನ್ನಿನಲ್ಲಿ ಮೈಯರ್ಸ್ ಎಂಬ ಸಂಗ್ರಾಹಕರು 1925ರಲ್ಲಿ ಬಟ್ಟೆಗಳಿಗೆಂದೇ ಒಂದು ವಸ್ತುಸಂಗ್ರಹಾಲಯವನ್ನು ತೆರೆದರು. 1932ರಲ್ಲಿ ನ್ಯೂಯಾರ್ಕಿನ ರತ್ನಗಂಬಳಿಪ್ರಿಯರು 'ಹಾಜಿ ಬಾಬಾ' ಎಂಬ ಕೂಟವನ್ನೇ ಕಟ್ಟಿಕೊಂಡರು.

ಈ ಗ್ರಂಥಗಳಿಂದ ಆದ ದೊಡ್ಡ ಉಪಕಾರ ಯಾವುದು? ಪ್ರಪಂಚದ ನಾಲ್ಕು ಮೂಲೆಗಳಲ್ಲಿ ಚದುರಿಹೋದ ಒಡಹುಟ್ಟಿದವರನ್ನು ಒಂದೇ ಮೇಜಿನ ಮೇಲೆ ಸೇರಿಸಿದ್ದು. ಒಂದು ರತ್ನಗಂಬಳಿ ಸ್ವೀಡನ್ನಿನಲ್ಲಿ, ಅದರ ಜೊತೆಯದು ಬರ್ಲಿನ್ನಿನಲ್ಲಿ, ಅದರ ಅರ್ಧತುಂಡು ಇಸ್ತಾಂಬುಲಿನಲ್ಲಿ ಇರಬಹುದು. ಯಾವ ಸಿರಿವಂತನೂ ಮೂರನ್ನೂ ಒಂದೆಡೆ ಹಾಸಿ ನೋಡಲಾರ. ಪುಸ್ತಕದ ಎದುರುಬದುರು ಪುಟಗಳಲ್ಲಿ ಅದು ಸಾಧ್ಯ. ಇದಕ್ಕೆ ನಮ್ಮ ನಾಡಿನ ಸಮೀಪದ ಉದಾಹರಣೆಯೂ ಉಂಟು. ಜಪಾನಿನ ಕ್ಯೋಟೊ ನಗರದಲ್ಲಿ ಪ್ರತಿವರ್ಷ ನಡೆಯುವ ಗಿಯೋನ್ ಉತ್ಸವದ ರಥಗಳಿಗೆ ಹಳೆಯ ರತ್ನಗಂಬಳಿಗಳನ್ನು ಅಲಂಕಾರವಾಗಿ ತೂಗುಬಿಡುತ್ತಾರೆ. ಡಚ್ ವರ್ತಕರ ಹಡಗುಗಳಲ್ಲಿ ಜಪಾನನ್ನು ಸೇರಿದ ಇವುಗಳಲ್ಲಿ ಹಲವು ದಖ್ಖಣದಲ್ಲಿ ನೆಯ್ದವೆಂದು ವಿದ್ವಾಂಸರು ಇಪ್ಪತ್ತನೆಯ ಶತಮಾನದ ಕೊನೆಗೆ ಗುರುತಿಸಿದರು. 1992ರಲ್ಲಿ ಅವು ಗ್ರಂಥರೂಪದಲ್ಲಿ ಪ್ರಕಟವಾದ ಮೇಲೆ, ದಖ್ಖಣದ ನೇಕಾರರ ಕೈಚಳಕವನ್ನು ಅರಿಯಬಯಸುವವರು ಕ್ಯೋಟೊದ ರಥಗಳ ಕಡೆಗೆ ನೋಡುವಂತಾಯಿತು.

ಹೆಸರಿನ ಮೋಸ

ಪುಸ್ತಕಗಳಿಂದ ಉಪಕಾರವಾದಂತೆ ಅಪಕಾರವೂ ಆಯಿತು. ಮೊದಲ ಕೈಪಿಡಿಗಳಲ್ಲಿ ಹಲವು ಅಂಗಡಿಯವರ ಮಾತನ್ನೇ ಶಾಸ್ತ್ರವೆಂದು ಬರೆದವು. ಅಂಗಡಿಯವನಿಗೆ ಗೊತ್ತಿದ್ದದ್ದು ತಾನು ಸರಕು ಕೊಂಡ ಪೇಟೆಯ ಹೆಸರು, ನೆಯ್ದವರ ಊರಲ್ಲ. 'ಬೊಖಾರಾ' ಎಂಬ ಹೆಸರಿನಿಂದ ಪ್ರಸಿದ್ಧವಾದ ಕೆಂಪು ರತ್ನಗಂಬಳಿಗಳನ್ನು ತೆಗೆದುಕೊಳ್ಳಬಹುದು. ಇವುಗಳ ಮೇಲೆ ಸಾಲುಸಾಲಾಗಿ ಎಂಟು ಮೂಲೆಯ ಪದಕಗಳಿರುತ್ತವೆ. ಇವನ್ನು ನೆಯ್ದವರು ಬೊಖಾರಾ ಪಟ್ಟಣದವರಲ್ಲ. ಮಧ್ಯ ಏಷ್ಯದ ಬಯಲುಗಳಲ್ಲಿ ಕುರಿ ಮೇಯಿಸಿಕೊಂಡು ಗುಡಾರಗಳಲ್ಲಿ ವಾಸಿಸುತ್ತಿದ್ದ ತೆಕ್ಕೆ, ಯೊಮುತ್, ಸಾಲೊರ್ ಮೊದಲಾದ ತುರ್ಕ್‌ಮೆನ್ ಬುಡಕಟ್ಟುಗಳ ಹೆಂಗಸರು. ಒಂದೊಂದು ಬುಡಕಟ್ಟಿಗೂ ತನ್ನದೇ ಆದ ಪದಕವಿತ್ತು. ರಷ್ಯದ ಸೇನಾನಿ ಬೊಗೊಲ್ಯೂಬೊವ್ ಅವರು ಆ ಪ್ರಾಂತದ ಆಡಳಿತಗಾರರಾಗಿದ್ದಾಗ ಸಂಗ್ರಹಿಸಿ, 1908-09ರಲ್ಲಿ ಪ್ರಕಟಿಸಿದ ಸಂಪುಟಗಳಲ್ಲಿ ಇವುಗಳನ್ನು ಬುಡಕಟ್ಟಿನ ಪ್ರಕಾರ ವಿಂಗಡಿಸಿದರು. ಆದರೂ ಪೇಟೆಯ ಹೆಸರು ಹೋಗಲಿಲ್ಲ. ಇಂದು ಪಾಕಿಸ್ತಾನದಲ್ಲಿ ನೆಯ್ದ ರತ್ನಗಂಬಳಿಯೂ 'ಬೊಖಾರಾ' ಎಂದೇ ಮಾರಾಟವಾಗುತ್ತದೆ.

ಇನ್ನೊಂದು ವಿನೋದವನ್ನು ನೋಡಿ. ವಿಷಮಗಂಟಿಗೆ ಬಹುಕಾಲದಿಂದ ವ್ಯಾಪಾರಿಗಳು ಕೊಟ್ಟ ಹೆಸರು 'ಸೆನ್ನೆಹ್ ಗಂಟು'. ಇರಾನಿನ ಸೆನ್ನೆಹ್ ಪಟ್ಟಣದ ನೇಕಾರರಾದರೋ ಹಾಕುವುದು ಸಮಗಂಟನ್ನು! ಪುಸ್ತಕದಿಂದ ಪುಸ್ತಕಕ್ಕೆ ತಪ್ಪು ಹರಿದುಬಂದರೆ ಅದನ್ನು ನಿಲ್ಲಿಸುವವರಾರು? ವಸ್ತುವನ್ನು ಕೈಯಲ್ಲಿ ಹಿಡಿದು ಮಗುಚಿ ನೋಡುವವರು ಮಾತ್ರ.

ಚಿತ್ರ ಹೇಳದ ಮಾತು

ಹಾಗೆ ಮಗುಚಿ ನೋಡಿದವರಲ್ಲಿ ಮೇ ಬೀಟಿ ಎಂಬ ಮಹಿಳೆಯ ಹೆಸರು ದೊಡ್ಡದು. ಆಕೆ ಕಲಿತದ್ದು ಕಲಾಶಾಸ್ತ್ರವಲ್ಲ, ಸೂಕ್ಷ್ಮಜೀವಿಗಳ ವಿಜ್ಞಾನ. ರತ್ನಗಂಬಳಿಗಳನ್ನೂ ಆಕೆ ಪ್ರಯೋಗಶಾಲೆಯ ಶಿಸ್ತಿನಿಂದಲೇ ನೋಡಿದರು. ಹಾಸು ಹತ್ತಿಯದೋ ಉಣ್ಣೆಯದೋ, ಎಷ್ಟು ಎಳೆ ಹುರಿಗೊಳಿಸಿದ್ದು, ಹೊಕ್ಕು ಎಷ್ಟು ಸಲ ಹಾಯ್ದಿದೆ, ಗಂಟು ಯಾವ ಬಗೆಯದು, ಅಂಚನ್ನು ಕಟ್ಟಿದ್ದು ಹೇಗೆ ಎಂದು ಅಳೆದು, ಎಣಿಸಿ, ಬರೆದಿಟ್ಟರು. ವಿನ್ಯಾಸವನ್ನು ಯಾರಾದರೂ ನಕಲು ಮಾಡಬಹುದು. ಆದರೆ ಕೈಗೆ ಹತ್ತಿದ ನೇಯ್ಗೆಯ ರೂಢಿ ಅಷ್ಟು ಸುಲಭವಾಗಿ ಬದಲಾಗದು. ಅಕ್ಷರವನ್ನು ಅನುಕರಿಸಬಹುದು, ಬರೆಯುವ ಕೈಯ ಒತ್ತನ್ನು ಅನುಕರಿಸುವುದು ಕಷ್ಟ ಎಂದ ಹಾಗೆ.

ಬೀಟಿ ಅವರು 1976ರಲ್ಲಿ ಮಧ್ಯ ಪರ್ಷಿಯಾದ ರತ್ನಗಂಬಳಿಗಳ ಪ್ರದರ್ಶನಕ್ಕೆಂದು ಬರೆದ ಗ್ರಂಥದಲ್ಲಿ 'ಹೂಜಿಯ ನೇಯ್ಗೆ' ಎಂದು ಕರೆಯುವ ಕುಲವೊಂದರ ಲಕ್ಷಣಗಳನ್ನು ವಿವರಿಸಿದರು. ಇಂತಹ ಕೆಲವು ರತ್ನಗಂಬಳಿಗಳಲ್ಲಿ ಹೂಜಿಗಳ ಚಿತ್ರವಿರುವುದರಿಂದ ಈ ಹೆಸರು ಬಂದಿತು. ಆದರೆ ಕುಲವನ್ನು ನಿರ್ಧರಿಸುವುದು ಹೂಜಿಯಲ್ಲ, ಬೆನ್ನು. ಹಾಸೆಳೆಗಳು ಎರಡು ಅಂತಸ್ತಿನಲ್ಲಿ ಕೂತಿರುತ್ತವೆ. ಪ್ರತಿ ಸಾಲು ಗಂಟಿನ ಮೇಲೆ ಮೂರು ಹೊಕ್ಕು ಹಾಯುತ್ತವೆ. ಮೊದಲನೆಯದೂ ಮೂರನೆಯದೂ ಬಿಗಿ, ನಡುವಿನದು ಸಡಿಲ. ಹೂಜಿಯ ಚಿತ್ರವೇ ಇಲ್ಲದಿದ್ದರೂ ಈ ಗುರುತುಗಳಿದ್ದರೆ ಅದು ಆ ಕುಲದ್ದೇ. ಆಗ್ಸ್‌ಬರ್ಗಿನಲ್ಲಿ 900 ಯೂರೋಗಳೆಂದು ಅಂದಾಜಾದ ರತ್ನಗಂಬಳಿ ಈ ಕುಲಕ್ಕೆ ಸೇರಿದ್ದು. ಅದರ ಕುಲಲಕ್ಷಣ ಮೂವತ್ತು ವರ್ಷಗಳಿಗೂ ಹಿಂದೆಯೇ ಅಚ್ಚಾಗಿ ಗ್ರಂಥಾಲಯಗಳಲ್ಲಿ ಕುಳಿತಿತ್ತು.

ಮುದ್ರಿತ ಚಿತ್ರ ಮುಚ್ಚಿಡುವುದು ಬೆನ್ನನ್ನಷ್ಟೇ ಅಲ್ಲ. ಲಂಡನ್ನಿನಲ್ಲಿರುವ ಆರ್ದಬಿಲ್ ರತ್ನಗಂಬಳಿ ಪ್ರಪಂಚಪ್ರಸಿದ್ಧ. ಉದ್ದ ಮೂವತ್ತನಾಲ್ಕು ಅಡಿಗೂ ಹೆಚ್ಚು. ಎರಡೂವರೆ ಕೋಟಿಗೂ ಮೀರಿದ ಗಂಟುಗಳು. ಕಾಶಾನಿನ ಮಕ್ಸೂದನ ಹೆಸರೂ ಹಿಜರಿ 946 ಎಂಬ ವರ್ಷವೂ, ಅಂದರೆ 1539-40, ಅದರಲ್ಲೇ ನೇಯಲ್ಪಟ್ಟಿವೆ. ಕವಿಯೂ ಕುಶಲಕರ್ಮಿಯೂ ಆದ ವಿಲಿಯಂ ಮಾರಿಸ್ ಅವರ ಶಿಫಾರಸಿನ ಮೇಲೆ 1893ರಲ್ಲಿ ಅದನ್ನು 2,000 ಪೌಂಡುಗಳಿಗೆ ಕೊಂಡರು. ಅದರ ಚಿತ್ರ ಅಚ್ಚಾಗದ ಗ್ರಂಥ ವಿರಳ. ಆದರೆ ಚಿತ್ರದಲ್ಲಿ ಕಾಣದ ಸಂಗತಿಯೊಂದುಂಟು. ಇದಕ್ಕೊಂದು ಜೊತೆಯಿತ್ತು, ಎರಡೂ ಜೀರ್ಣವಾಗಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ವರ್ತಕರು ಒಂದರ ಭಾಗಗಳನ್ನು ತೆಗೆದು ಇನ್ನೊಂದಕ್ಕೆ ಜೋಡಿಸಿ ಪೂರ್ಣವಾಗಿ ಕಾಣುವಂತೆ ಮಾಡಿದ್ದರು. ಅಂಚುಗಳನ್ನು ಕಳೆದುಕೊಂಡ ಆ ಸಹೋದರ ಈಗ ಅಮೆರಿಕದ ಲಾಸ್ ಏಂಜಲೀಸಿನಲ್ಲಿದೆ. ಲಂಡನ್ನಿನದನ್ನು ಬಣ್ಣ ಮಾಸದಿರಲೆಂದು ಮಬ್ಬುಗತ್ತಲಿನಲ್ಲಿರಿಸಿ, ಅರ್ಧ ಗಂಟೆಗೊಮ್ಮೆ ಹತ್ತು ನಿಮಿಷ ಮಾತ್ರ ದೀಪ ಹಚ್ಚುತ್ತಾರೆ. ಪುಸ್ತಕದ ಪುಟದಲ್ಲಿ ಅದು ಹಗಲಿರುಳೂ ಬೆಳಗುತ್ತದೆ.

ಬೂದಿಯಾದವು, ಉಳಿದವು

ಹಾಗಾದರೆ ಚಿತ್ರವು ವಸ್ತುವಿಗಿಂತ ಕೀಳೇ? ಈ ಪ್ರಶ್ನೆಗೆ ಉತ್ತರವನ್ನು ಬರ್ಲಿನ್ ನಗರ ಕಣ್ಣೀರಿನಿಂದ ಬರೆದಿದೆ. ಮೊದಲು ಹೇಳಿದ ಬೋಡೆ ಅವರು ಬಹುಕಾಲ ಕೂಡಿಸಿದ್ದ ತಮ್ಮ ರತ್ನಗಂಬಳಿಗಳನ್ನು ಬರ್ಲಿನ್ನಿನ ವಸ್ತುಸಂಗ್ರಹಾಲಯಕ್ಕೆ ದಾನಮಾಡಿದ್ದರು. ಅಂತಹ ಸಂಗ್ರಹ ಪ್ರಪಂಚದಲ್ಲಿ ಬೇರೆ ಕಡೆ ಇರಲಿಲ್ಲವೆನ್ನಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ದೊಡ್ಡ ಅಳತೆಯ ರತ್ನಗಂಬಳಿಗಳನ್ನು ಸುರುಳಿ ಸುತ್ತಿ ಟಂಕಸಾಲೆಯ ಭದ್ರಕೋಣೆಯಲ್ಲಿಟ್ಟರು. 1945ರ ಮಾರ್ಚಿನಲ್ಲಿ, ಯುದ್ಧ ಮುಗಿಯಲು ಎರಡೇ ತಿಂಗಳಿದ್ದಾಗ, ಬೆಂಕಿಬಾಂಬು ಅಲ್ಲಿಯೇ ಬಿದ್ದಿತು. ನಾನೂರು ಐನೂರು ವರ್ಷ ಬಾಳಿದವು ಸುಟ್ಟು ಬೂದಿಯಾದವು. ಕೆಲವು ಕರಿಹತ್ತಿದ ತುಂಡುಗಳಾಗಿ ಉಳಿದವು.

ಬೂದಿಯಾದ ರತ್ನಗಂಬಳಿಗಳನ್ನು ಇಂದು ನೋಡಬೇಕೆಂದರೆ ಹಳೆಯ ಗ್ರಂಥಗಳ ಪುಟಗಳನ್ನೇ ತೆರೆಯಬೇಕು. ಅಲ್ಲಿ ಅವುಗಳ ಮುಖವುಂಟು, ಬೆನ್ನಿಲ್ಲ. ಎಷ್ಟೋ ಕಡೆ ಬಣ್ಣವೂ ಇಲ್ಲ. ಗಂಟುಗಳನ್ನು ಎಣಿಸಿ ಬರೆದಿದ್ದರೆ ಅಷ್ಟಾದರೂ ತಿಳಿಯುತ್ತಿತ್ತು. ಬರೆಯದೆ ಬಿಟ್ಟದ್ದು ಮತ್ತೆ ಬಾರದು. ಆ ಬೆಂಕಿಯ ಅನಂತರ ಬರ್ಲಿನ್ನಿನ ಕುರ್ಟ್ ಎರ್ಡ್‌ಮನ್ ಅವರಂತಹ ವಿದ್ವಾಂಸರು ಈ ಶಾಸ್ತ್ರವನ್ನು ಮುಂದುವರಿಸಿದರು. ಅವರ ಪ್ರಸಿದ್ಧ ಗ್ರಂಥ 1955ರಲ್ಲಿ ಹೊರಬಂದಿತು. ಇಂದಿನ ಒಳ್ಳೆಯ ಗ್ರಂಥಗಳಲ್ಲಿ ಚಿತ್ರದ ಪಕ್ಕದಲ್ಲಿ ಸಣ್ಣಕ್ಷರಗಳಲ್ಲಿ ನೀರಸವಾಗಿ ತೋರುವ ಅಳತೆಗಳ ಪಟ್ಟಿ ಇರುತ್ತದೆ. ಸಾಮಾನ್ಯ ಓದುಗ ಅದನ್ನು ದಾಟಿ ಪುಟ ತಿರುವುತ್ತಾನೆ. ವಾಸ್ತವವಾಗಿ ಬೆಂಕಿಗೆ ಸಿಕ್ಕರೂ ವಸ್ತುವನ್ನು ಬದುಕಿಸಿಡುವ ಸಂಜೀವಿನಿ ಆ ಪಟ್ಟಿಯೇ.

ಬಣ್ಣಕ್ಕೆ ಮರುಜೀವ

ಅಳಿದುಹೋದ ವಿದ್ಯೆಯನ್ನು ಇಂತಹ ಅಧ್ಯಯನ ಮರಳಿ ತಂದುಕೊಟ್ಟ ಸಂತೋಷದ ಕಥೆಯೂ ಉಂಟು. ಹಿಂದೆ ನೇಕಾರರು ಕೆಂಪಿಗೆ ಮಂಜಿಷ್ಠದ ಬೇರನ್ನೂ, ನೀಲಿಗೆ ನೀಲಿಗಿಡವನ್ನೂ, ಕಂದಿಗೆ ಅಕ್ರೋಟಿನ ಸಿಪ್ಪೆಯನ್ನೂ ಬಳಸುತ್ತಿದ್ದರು. 1856ರಲ್ಲಿ ಇಂಗ್ಲೆಂಡಿನ ಪರ್ಕಿನ್ ಕೃತಕ ಬಣ್ಣವನ್ನು ಕಂಡುಹಿಡಿದ ಮೇಲೆ ಅಗ್ಗದ ಬಣ್ಣಗಳ ಹೊಳೆಯೇ ಪೂರ್ವದೇಶಗಳಿಗೆ ಹರಿಯಿತು. ಮೊದಲ ಕೃತಕ ಬಣ್ಣಗಳು ಬಿಸಿಲಿಗೆ ಮಾಸುತ್ತಿದ್ದವು, ನೀರಿಗೆ ಹರಡುತ್ತಿದ್ದವು. ಎರಡು ಮೂರು ತಲೆಮಾರುಗಳಲ್ಲಿ ಬೇರು ಬೇಯಿಸುವ ಹದ ಹಲವು ಹಳ್ಳಿಗಳಲ್ಲಿ ಮರೆತೇಹೋಯಿತು.

ತುರ್ಕಿಯಲ್ಲಿ ಉಪಾಧ್ಯಾಯರಾಗಿದ್ದ ಜರ್ಮನಿಯ ರಸಾಯನಜ್ಞ ಹೆರಾಲ್ಡ್ ಬ್ಯೋಮರ್ ಅವರು ಹಳೆಯ ರತ್ನಗಂಬಳಿಗಳ ಎಳೆಗಳನ್ನು ಪರೀಕ್ಷಿಸಿ, ಯಾವ ಬಣ್ಣ ಯಾವ ಸಸ್ಯದಿಂದ ಬಂದದ್ದೆಂದು ಕಂಡುಕೊಂಡರು. ಅಷ್ಟಕ್ಕೇ ನಿಲ್ಲದೆ, 1981ರಲ್ಲಿ ಪಶ್ಚಿಮ ತುರ್ಕಿಯ ಹಳ್ಳಿಗಳಿಗೆ ಹೋಗಿ ಆ ವಿದ್ಯೆಯನ್ನು ರೈತಕುಟುಂಬಗಳಿಗೆ ಮತ್ತೆ ಕಲಿಸುವ 'ದೊಬಾಗ್' ಯೋಜನೆಯನ್ನು ಆರಂಭಿಸಿದರು. ಹೆಂಗಸರು ಅಜ್ಜಿಯರ ಬಣ್ಣಗಳಲ್ಲಿ ಮತ್ತೆ ನೆಯ್ದರು. ಸಹಕಾರ ಸಂಘ ಕಟ್ಟಿಕೊಂಡು ತಾವೇ ಮಾರಿದರು. ಆ ಹಳ್ಳಿಗಳಲ್ಲಿ ಹಳೆಯ ರತ್ನಗಂಬಳಿಯ ಎಳೆಯೇ ಹೊಸ ನೇಕಾರಳಿಗೆ ಪಾಠ ಹೇಳಿತು.

ಕಲಿಯುವ ಬಗೆ

ಕೊಳ್ಳುವ ಶಕ್ತಿಯಿಲ್ಲದವರು ಈ ವಿದ್ಯೆಯಿಂದ ದೂರವಿರಬೇಕೆಂಬ ನಿಯಮವಿಲ್ಲ. ಎಷ್ಟೋ ಮಂದಿಗೆ ಪುಸ್ತಕವೇ ಸಂಗ್ರಹ. ಕಲಿಯಲು ಹೊರಟವರು ಮೊದಲು ಒಂದು ಪ್ರಾಂತವನ್ನೋ ಒಂದು ಬುಡಕಟ್ಟನ್ನೋ ಆರಿಸಿಕೊಳ್ಳುವುದು ಲೇಸು. ಎಲ್ಲವನ್ನೂ ಒಮ್ಮೆಗೇ ನೋಡಿದರೆ ಯಾವುದೂ ಮನಸ್ಸಿನಲ್ಲಿ ನಿಲ್ಲದು. ಚಿತ್ರದ ಕೆಳಗಿನ ವಿವರಣೆಯನ್ನು ಕೈಯಿಂದ ಮುಚ್ಚಿ, ಊಹಿಸಿ, ಬಳಿಕ ಓದಿ ನೋಡುವುದು ಒಳ್ಳೆಯ ಅಭ್ಯಾಸ. ನಡುವಿನ ಪದಕಕ್ಕೆ ಮರುಳಾಗುವ ಮುನ್ನ ಅಂಚಿನ ಮೂಲೆಗಳನ್ನು ನೋಡಬೇಕು. ಬಳ್ಳಿ ಮೂಲೆಯಲ್ಲಿ ಅಂದವಾಗಿ ತಿರುಗಿದ್ದರೆ ಕಾಗದದ ಮೇಲೆ ಮೊದಲೇ ಬರೆದ ನಕ್ಷೆಯನ್ನಿರಿಸಿಕೊಂಡು ಕಾರ್ಖಾನೆಯಲ್ಲಿ ನೆಯ್ದದ್ದಿರಬಹುದು. ತಟಕ್ಕನೆ ತುಂಡಾಗಿ ನಿಂತಿದ್ದರೆ ನೆನಪಿನಿಂದ ನೆಯ್ದ ಹಳ್ಳಿಯ ಕೈಯಿರಬಹುದು. ಹಾಗೆಯೇ ಅಳತೆಯನ್ನು ತಪ್ಪದೆ ಓದಬೇಕು. ಚಿತ್ರದಲ್ಲಿ ಅಂಗೈಯಗಲದ ಚೀಲವೂ ಅರಮನೆಯ ಹಾಸೂ ಒಂದೇ ಗಾತ್ರದಲ್ಲಿ ಕಾಣುತ್ತವೆ. ಈಚೆಗೆ ದೊಡ್ಡ ವಸ್ತುಸಂಗ್ರಹಾಲಯಗಳು ತಮ್ಮಲ್ಲಿನ ರತ್ನಗಂಬಳಿಗಳ ಚಿತ್ರಗಳನ್ನು ಗಣಕಯಂತ್ರದ ತೆರೆಯ ಮೇಲೆ ಹಿಗ್ಗಿಸಿ ನೋಡುವಂತೆ ಮಾಡಿರುವುದರಿಂದ, ಹಿಂದಿನವರಿಗೆ ದುರ್ಲಭವಾಗಿದ್ದ ಅನುಕೂಲ ಈಗ ಮನೆಯಲ್ಲೇ ದೊರೆಯುತ್ತದೆ.

ಆ ಮೇಲೆ ಅಂಗಡಿ. ಅಂಗಡಿಯಲ್ಲಿ ರತ್ನಗಂಬಳಿಯನ್ನು ಮಗುಚಲು ಸಂಕೋಚಪಡಬಾರದು. ಕುಚ್ಚು ಹಾಸೆಳೆಗಳದೇ ತುದಿಯಾಗಿದ್ದರೆ ಅದು ಕೈನೇಯ್ಗೆಯ ಒಂದು ಗುರುತು. ಬೇರೆಯಾಗಿ ಹೊಲಿದದ್ದಾದರೆ ಯಂತ್ರದ ಕೆಲಸವೆಂಬ ಸಂದೇಹಕ್ಕೆ ಎಡೆಯುಂಟು. ಒದ್ದೆಯ ಬಿಳಿ ಬಟ್ಟೆಯಿಂದ ಉಜ್ಜಿದಾಗ ಬಣ್ಣ ಹತ್ತಿದರೆ ಎಚ್ಚರಿಕೆ ಬೇಕು. ಉಣ್ಣೆಯನ್ನು ಬಿಡಿಸಿ ನೋಡಿದಾಗ ತುದಿ ಮಾಸಿ ಬುಡ ಮಾತ್ರ ಕಣ್ಣು ಕುಕ್ಕುವಂತಿದ್ದರೆ ಬಣ್ಣ ಬಾಳುವಂಥದಲ್ಲ. ದೀರ್ಘಕಾಲ ಪರ್ಷಿಯಾದ ರತ್ನಗಂಬಳಿ ವ್ಯಾಪಾರದಲ್ಲಿದ್ದ ಸೆಸಿಲ್ ಎಡ್ವರ್ಡ್ಸ್ ಅವರು 1953ರ ತಮ್ಮ ಗ್ರಂಥದಲ್ಲಿ, ಎರಡು ಹಾಸೆಳೆಗಳಿಗೆ ಹಾಕಬೇಕಾದ ಗಂಟನ್ನು ನಾಲ್ಕಕ್ಕೆ ಸುತ್ತಿ ಕೆಲಸವನ್ನೂ ಉಣ್ಣೆಯನ್ನೂ ಅರ್ಧಕ್ಕಿಳಿಸುವ ಕಳ್ಳಗಂಟಿನ ಪಿಡುಗನ್ನು ಖಂಡಿಸಿದ್ದಾರೆ. ಅಂತಹ ರತ್ನಗಂಬಳಿ ಹೊಸದಾಗಿದ್ದಾಗ ಚೆನ್ನಾಗಿಯೇ ಕಾಣುತ್ತದೆ. ಸವೆದಾಗ ಗುಟ್ಟು ಬಯಲಾಗುತ್ತದೆ.

ಬೆನ್ನು ನೋಡಬೇಕಾದ ಇನ್ನೊಂದು ಕಾರಣವಿದೆ. ಅದು ಕಲೆಗಿಂತ ದೊಡ್ಡದು. ಸಣ್ಣ ಬೆರಳುಗಳಿಂದಲೇ ಸಣ್ಣ ಗಂಟು ಸಾಧ್ಯವೆಂಬ ಸುಳ್ಳನ್ನು ಹಬ್ಬಿಸಿ, ಶಾಲೆಯಲ್ಲಿರಬೇಕಾದ ಮಕ್ಕಳನ್ನು ಮಗ್ಗದ ಮುಂದೆ ಕೂರಿಸುವ ಕ್ರೌರ್ಯ ಉತ್ತರ ಭಾರತದ ನೇಯ್ಗೆಯ ಸೀಮೆಯಲ್ಲಿ ಬಹುಕಾಲ ನಡೆಯಿತು. ಕೈಲಾಶ್ ಸತ್ಯಾರ್ಥಿ ಮೊದಲಾದವರ ಪ್ರಯತ್ನದಿಂದ 1994ರಲ್ಲಿ 'ರಗ್‌ಮಾರ್ಕ್' ಎಂಬ ಮುದ್ರೆ ಜಾರಿಗೆ ಬಂದಿತು. ಈಗ ಅದರ ಹೆಸರು 'ಗುಡ್‌ವೀವ್'. ಮಕ್ಕಳ ದುಡಿಮೆಯಿಲ್ಲವೆಂದು ತಪಾಸಣೆಯಾದ ಮಗ್ಗದ ಸರಕಿಗೆ ಸಂಖ್ಯೆಯೊಡನೆ ಅಂಟಿಸುವ ಆ ಚೀಟಿಯೂ ಇರುವುದು ರತ್ನಗಂಬಳಿಯ ಬೆನ್ನಿನ ಮೇಲೆಯೇ.

ಹೋಲ್ಬೈನನ ಹೆಸರಿನ ರತ್ನಗಂಬಳಿಯನ್ನು ನೆಯ್ದವಳಾರೆಂಬುದು ಇನ್ನು ಎಂದಿಗೂ ತಿಳಿಯದು. ಆಕೆಯ ಬೆರಳು ಎಲ್ಲಿ ಬಿಗಿಯಾಯಿತು, ಎಲ್ಲಿ ಸಡಿಲವಾಯಿತು, ನಡುವೆ ಬಣ್ಣದ ನೂಲು ಮುಗಿದು ಹೊಸ ಪಾಕದ್ದನ್ನು ಎಲ್ಲಿ ತೊಡಗಿದಳು ಎಂಬುದನ್ನು ಮಾತ್ರ ಬೆನ್ನನ್ನು ನೋಡಿ ಇಂದಿಗೂ ಓದಬಹುದು. ಓದು ಬಲ್ಲವರ ಕಣ್ಣಿಗೆ ಬೀಳುವವರೆಗೆ ಅದು ಹಳೆಯ ಹಾಸುಬಟ್ಟೆಯಾಗಿಯೇ ಬಿದ್ದಿರುತ್ತದೆ. ಆದುದರಿಂದ ರತ್ನಗಂಬಳಿಗೆಂದು ಹಣ ಕೂಡಿಡುವವರು ಅದರ ಮೊದಲ ಪಾಲನ್ನು ಒಂದು ಒಳ್ಳೆಯ ಪುಸ್ತಕಕ್ಕೆ ತೆಗೆದಿಡುವುದು ಜಾಣತನ.